ನೀರಿಗೆ ಮುಖ, ನೀರಿಗೆ ಬೆನ್ನು

ಫ್ರಾನ್ಸ್ ದೇಶದ ಔಷಧಶಾಸ್ತ್ರಜ್ಞ ಥಿಯೊಡೋರ್ ಗೊಬ್ಲೆ 1840ರ ದಶಕದಲ್ಲಿ ಕೋಳಿಮೊಟ್ಟೆಯ ಹಳದಿಯಿಂದ ಬೇರ್ಪಡಿಸಿ, ಮುಂದೆ ಲೆಸಿಥಿನ್ ಎಂದು ಹೆಸರಿಟ್ಟ ಜಿಡ್ಡುಪದಾರ್ಥವು ಎಣ್ಣೆ ತುಪ್ಪಗಳ ಬಳಗಕ್ಕೇ ಸೇರಿದುದಾದರೂ, ರಂಜಕವನ್ನು ಒಳಗೊಂಡಿರುವುದರಿಂದ ಅವುಗಳಿಂದ ಭಿನ್ನವಾದುದು. ಎಣ್ಣೆಯ ಅಣುವಿನಲ್ಲಿ ಗ್ಲಿಸರಾಲಿನ ಮೂರು ಇಂಗಾಲಗಳಿಗೂ ಒಂದೊಂದು ಮೇದಾಮ್ಲ ಕೂಡಿಕೊಂಡಿದ್ದರೆ, ಇಲ್ಲಿ ಎರಡಕ್ಕೆ ಮಾತ್ರ ಮೇದಾಮ್ಲಗಳಿದ್ದು, ಮೂರನೆಯದಕ್ಕೆ ಫಾಸ್ಫೇಟೂ ಅದರ ತುದಿಗೆ ಕೋಲೀನೂ ಸೇರಿರುತ್ತವೆ. ಫಾಸ್ಫೇಟಿನದು ಋಣವಿದ್ಯುದಂಶ, ಕೋಲೀನಿನದು ಧನವಿದ್ಯುದಂಶ. ಆದುದರಿಂದ ಈ ಶಿರೋಭಾಗ ನೀರಿನೊಡನೆ ಸಲೀಸಾಗಿ ಬೆರೆಯುತ್ತದೆ. ಕೇವಲ ಇಂಗಾಲ ಜಲಜನಕಗಳಿಂದಾದ ಉದ್ದನೆಯ ಎರಡು ಬಾಲಗಳಿಗಾದರೋ ನೀರಿನ ಸಹವಾಸ ಸಲ್ಲದು. ಲೆಸಿಥಿನ್ ಸೇರಿದ ಫಾಸ್ಫೊಲಿಪಿಡ್ ಕುಲದ ಸಮಸ್ತ ಮಹಿಮೆಯೂ ಈ ದ್ವಿವಿಧ ಸ್ವಭಾವದಲ್ಲಿ ಅಡಗಿದೆ.

ಇಂಥ ಅಣುಗಳು ನೀರಿನಲ್ಲಿ ತಾವಾಗಿಯೇ ಎರಡು ಪದರವಾಗಿ, ಬಾಲಗಳನ್ನು ಒಳಗೆ ಮರೆಮಾಡಿ, ಶಿರಗಳನ್ನು ಎರಡೂ ಕಡೆಯ ನೀರಿಗೆ ಒಡ್ಡಿ ನಿಲ್ಲುತ್ತವೆ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು, ಕೆಂಪು ರಕ್ತಕಣಗಳಿಂದ ತೆಗೆದ ಲಿಪಿಡ್ಡನ್ನು ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆಯಲು, ಅದು ಆ ಕಣಗಳ ಮೈವಿಸ್ತಾರದ ಇಮ್ಮಡಿಯಷ್ಟಾಯಿತು. ಕೋಶದ ಪೊರೆ ಎರಡು ಪದರದ್ದೆಂದು ಅವರು ಸಾರಿದರು. ಅವರ ಅಳತೆಗಳಲ್ಲಿದ್ದ ಎರಡು ದೋಷಗಳು ಒಂದನ್ನೊಂದು ಸರಿದೂಗಿಸಿದ್ದುವೆಂದು ಮುಂದೆ ತಿಳಿದುಬಂದರೂ ಅವರ ನಿರ್ಣಯ ಮಾತ್ರ ಅಚಲವಾಗಿ ನಿಂತಿತು.

ಬಾಲಗಳ ಆಕಾರವೂ ಅಲಕ್ಷ್ಯಮಾಡತಕ್ಕದ್ದಲ್ಲ. ಹದಿನಾರು ಇಂಗಾಲಗಳ ಪಾಮಿಟಿಕ್ ಆಮ್ಲ ನೆಟ್ಟಗಿರುತ್ತದೆ. ಹದಿನೆಂಟು ಇಂಗಾಲಗಳ ಓಲಿಯಿಕ್ ಆಮ್ಲ ನಡುವಿನ ಜೋಡಿಬಂಧದ ಬಳಿ ಬಾಗಿರುತ್ತದೆ. ನೆಟ್ಟನೆಯ ಸೌದೆಗಳನ್ನು ಒತ್ತಾಗಿ ಒಟ್ಟಬಹುದು, ಡೊಂಕು ಕೊಂಬೆಗಳ ನಡುವೆ ಸಂದು ಉಳಿದೇ ಉಳಿಯುತ್ತದೆ. ಡೊಂಕು ಬಾಲಗಳು ಬೆರೆತಿರುವುದರಿಂದಲೇ ಪೊರೆ ಗಡುಸಾಗದೆ ದ್ರವದಂತೆ ಮೃದುವಾಗಿರುವುದು.

ನಮ್ಮ ಶ್ವಾಸಕೋಶಕ್ಕಾದರೆ ಒತ್ತಾದ ಪದರವೇ ಬೇಕು. ಅಲ್ಲಿಯ ವಾಯುಕೋಶಗಳ ಒಳಮೈಯ ತೇವವು ತನ್ನ ಮೇಲ್ಮೈ ಎಳೆತದಿಂದ ಅವನ್ನು ಕುಗ್ಗಿಸಿ ಮುಚ್ಚಿಬಿಡದಂತೆ, ಎರಡೂ ಬಾಲಗಳು ಪಾಮಿಟಿಕ್ ಆಮ್ಲದವೇ ಆದ ಒಂದು ಲೆಸಿಥಿನ್ ಆ ತೇವದ ಮೇಲೆ ಹರಡಿ ಎಳೆತವನ್ನು ತಗ್ಗಿಸುತ್ತದೆ. ಉಸಿರಾಡಲಾರದೆ ತೀರಿಕೊಂಡ ಅಕಾಲಜನನದ ಶಿಶುಗಳ ಶ್ವಾಸಕೋಶದಲ್ಲಿ ಎಳೆತವನ್ನು ತಗ್ಗಿಸುವ ಈ ಲೇಪದ ಕೊರತೆಯಿತ್ತೆಂಬುದನ್ನು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿಕೊಟ್ಟರು; 1980ರಲ್ಲಿ ಜಪಾನಿನ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ಸಿದ್ಧಪಡಿಸಿದ ಲೇಪವನ್ನು ಶಿಶುಗಳ ಶ್ವಾಸನಾಳಕ್ಕೆ ಇಳಿಸಿ ಚೇತರಿಕೆ ಕಂಡುದನ್ನು ವರದಿಮಾಡಿದರು. ಇಂದು ಅದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿದೆ; ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳುವ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ, ಬಡವರ ಕೈಗೆಟಕುವಂತೆ, ಅದು ದೊರೆಯಬೇಕು.