ನಾಲ್ಕು ದಿನದ ಒಕ್ಕಲುತನ

ಕಳೆದ ಜನವರಿಯಲ್ಲಿ ನಮ್ಮ ಹುಡುಗನ ಶಾಲೆಯಿಂದ ಒಂದು ಚೀಟಿ ಬಂದಿತು. ಎಂಟನೆಯ ಇಯತ್ತೆಯ ಮಕ್ಕಳನ್ನು ನಾಲ್ಕು ದಿನ ಶಿರೂರ ತಾಲೂಕಿನ ಒಂದು ಹೊಲದಲ್ಲಿ ಇರಿಸಿ ಕೆಲಸ ಮಾಡಿಸುವರಂತೆ. ತಂದೆಯ ರುಜು ಬೇಕು. ದಿನವೆಲ್ಲ ಕಚೇರಿಯಲ್ಲಿ ಕಾಗದಗಳಿಗೆ ರುಜು ಹಾಕುವ ನಾನು ಈ ಒಂದಕ್ಕೆ ಎರಡು ದಿನ ತಡೆದೆ. ಹೊಲದ ಬದುಕು ಬೇಡವೆಂದೇ ನಮ್ಮ ತಂದೆಯವರು ನನ್ನನ್ನು ಬಿ.ಎ. ಓದಿಸಿದ್ದರು. ಈಗ ಮಗ ರೊಕ್ಕ ಕೊಟ್ಟು ಹೊಲಕ್ಕೆ ಹೋಗಬೇಕೆ?

"ಹೋಗಲಿ ಬಿಡ್ರಿ, ನೀವಂತೂ ಹೋಗಲಿಲ್ಲ" ಎಂದಳು ಮನೆಯವಳು. ರುಜು ಬಿದ್ದಿತು.

ಈ ವಿಚಾರ ಹೊಸದೇನೂ ಅಲ್ಲ. ಕೈಕೆಲಸದ ಮೂಲಕವೇ ವಿದ್ಯೆ ಬರಬೇಕೆಂದು ಗಾಂಧೀಜಿಯವರು 1937ರ ವರ್ಧಾ ಶಿಕ್ಷಣ ಪರಿಷತ್ತಿನಲ್ಲಿ ವಾದಿಸಿದ್ದರು. ಅದೇ ಶಿರೂರ ತಾಲೂಕಿನ ಪಾಬಳದಲ್ಲಿ, ದೊಡ್ಡ ಕಂಪನಿಯೊಂದರ ವಿಜ್ಞಾನಿ ಹುದ್ದೆ ಬಿಟ್ಟು ಬಂದ ಡಾ. ಎಸ್. ಎಸ್. ಕಲಬಾಗ ಅವರು 1983ರಲ್ಲಿ ವಿಜ್ಞಾನ ಆಶ್ರಮವನ್ನು ಆರಂಭಿಸಿದರು. ಮಳೆ ಕಡಿಮೆಯ ಊರದು. ಅಲ್ಲಿ ಹುಡುಗರು ಒಂದು ವರ್ಷ ಇದ್ದು ಬೆಸುಗೆ, ವಿದ್ಯುತ್ ಕೆಲಸ, ಬೇಸಾಯ, ದನಕರುಗಳ ಆರೈಕೆ ಎಲ್ಲವನ್ನೂ ಕೈಯಿಂದ ಮಾಡಿ ಕಲಿಯುತ್ತಾರೆ. ಶಾಲೆ ಅರ್ಧಕ್ಕೆ ಬಿಟ್ಟವರಿಗೂ ಬಾಗಿಲು ತೆರೆದಿದೆ. ಅದರ ಮುಂದೆ ನಮ್ಮವರ ನಾಲ್ಕು ದಿನ ಆಟವೇ ಸರಿ.

ಆ ಆಟವೂ ಅಂಗೈಯಲ್ಲಿ ಗುಳ್ಳೆ ಎಬ್ಬಿಸಿತು. ಉಳ್ಳಾಗಡ್ಡಿ ಹಚ್ಚುವ ಕಾಲ. ಸಸಿಯ ತುದಿ ಕತ್ತರಿಸಿ, ನೀರು ಹಾಯಿಸಿದ ಮಡಿಯಲ್ಲಿ ನಾಲ್ಕು ಬೆರಳಿಗೊಂದರಂತೆ ಊರಬೇಕು. ನಮ್ಮವನು ಗಟ್ಟಿಯಾಗಿ ನಿಲ್ಲಲೆಂದು ಆಳಕ್ಕೆ ಒತ್ತಿದ್ದಾನೆ. ಹಾಗೆ ಮಾಡಿದರೆ ಗಡ್ಡೆ ಬಲಿಯದೆಂದು ಆ ಮನೆಯ ಕಾಕೂ ಅರ್ಧ ಮಡಿಯನ್ನು ಕೀಳಿಸಿ ಮತ್ತೆ ಹಚ್ಚಿಸಿದರಂತೆ. ರಾತ್ರಿ ಹನ್ನೆರಡಕ್ಕೆ ಪಂಪಿಗೆ ಕರೆಂಟು ಬಂದಾಗ ಎಲ್ಲರೂ ಎದ್ದು ಬ್ಯಾಟರಿ ಹಿಡಿದು ಓಡಿದ್ದಾರೆ. ಮನೆಯಲ್ಲಿ ಏಳು ಗಂಟೆಗೆ ಏಳಲು ಮೂರು ಸಲ ಕೂಗಿಸಿಕೊಳ್ಳುವವನು ಇವನೇ!

ಬಂದ ದಿನವೇ ನವಲಗುಂದಕ್ಕೆ ಫೋನು ಮಾಡಿದ. ಇವನು "ಖುರಪೆ" ಎಂದರೆ ಅತ್ತ ಅಜ್ಜ "ಕುರಪಿ" ಎನ್ನುತ್ತಾರೆ. ಮರಾಠಿಯೋ ಕನ್ನಡವೋ, ಇಬ್ಬರಿಗೂ ತಿಳಿಯಿತು. ನನ್ನ ಜೊತೆ ಎರಡು ಮಾತಿಗೆ ಮುಗಿಸುವ ತಂದೆಯವರು ಅವನೊಡನೆ ಅರ್ಧ ತಾಸು ಮಾತಾಡಿದರು.

"ಅಪ್ಪಾ, ನಮ್ಮ ಹೊಲದಾಗೂ ಮುಂಗಾರಿಗೆ ಉಳ್ಳಾಗಡ್ಡಿ ಬರತಾವಂತ. ನೀ ಹೇಳೇ ಇಲ್ಲಲ್ಲ?"

ಲಾವಣಿಗೆ ಕೊಟ್ಟ ಆ ನಾಲ್ಕು ಎಕರೆಯನ್ನು ಯುಗಾದಿಗೆ ಮಾರುವುದೆಂದು ನಾವು ಗೊತ್ತುಮಾಡಿದ್ದೆವು. ಮರುದಿನ ತಂದೆಯವರೇ ಫೋನು ಮಾಡಿ, ಮಳೆಗಾಲ ಒಂದು ಕಳೆಯಲಿ, ಹುಡುಗನನ್ನು ರಜೆಯಲ್ಲಿ ಕಳಿಸು ಎಂದರು.