ಪರ್ತ್‌ನಿಂದ ಲಂಡನ್‌ಗೆ ಹದಿನೇಳು ಗಂಟೆಯ ಒಂದೇ ರಾತ್ರಿ

ಆಸ್ಟ್ರೇಲಿಯಾದ ಕ್ವಾಂಟಾಸ್ ಸಂಸ್ಥೆ 2018ರ ಮಾರ್ಚ್ 24ರಂದು ಪರ್ತ್‌ನಿಂದ ಲಂಡನ್‌ಗೆ ನೇರ ವಿಮಾನ ಹಾರಿಸಿತು. ದೂರ 14,498 ಕಿ.ಮೀ.; ಅವಧಿ ಹದಿನೇಳು ಗಂಟೆಗಿಂತ ತುಸು ಹೆಚ್ಚು. ಆಸ್ಟ್ರೇಲಿಯಾ ಮತ್ತು ಯುರೋಪಿನ ನಡುವೆ ಎಲ್ಲೂ ಇಳಿಯದೆ ಸಾಗುವ ಮೊದಲ ನಿಯಮಿತ ಪ್ರಯಾಣಿಕ ಸೇವೆ ಇದು. ಇಷ್ಟು ದೀರ್ಘ ಹಾರಾಟದಲ್ಲಿ ಬಿಸಿನೆಸ್ ಕ್ಲಾಸಿನ ಪ್ರಯಾಣಿಕ ದುಡ್ಡು ತೆತ್ತು ಕೊಳ್ಳುವುದು ಮುಖ್ಯವಾಗಿ ನಿದ್ದೆ. ಶಾಂಪೇನ್, ಬಿಸಿ ಟವೆಲ್‌ಗಳ ಉಪಚಾರವೆಲ್ಲ ಅದರ ಮುಂದೆ ಗೌಣ.

ಈ ದಾರಿಯ ಮೊದಲ ಸಾಹಸ ಯುದ್ಧಕಾಲದ್ದು. ಸಿಂಗಪುರ ಜಪಾನಿನ ವಶವಾದ ಮೇಲೆ ಬ್ರಿಟನ್ ಮತ್ತು ಆಸ್ಟ್ರೇಲಿಯಾದ ನಡುವಿನ ವಿಮಾನ ಸಂಪರ್ಕ ಕಡಿದುಹೋಗಿತ್ತು. 1943ರಲ್ಲಿ ಕ್ವಾಂಟಾಸ್ ಪರ್ತ್‌ನ ಸ್ವಾನ್ ನದಿಯಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ, ನೀರಿನ ಮೇಲೆಯೇ ಇಳಿದೇಳುವ ಕ್ಯಾಟಲಿನಾ ವಿಮಾನಗಳನ್ನು ಹಾರಿಸತೊಡಗಿತು. ಹಿಂದೂ ಮಹಾಸಾಗರ ದಾಟಲು 27ರಿಂದ 33 ಗಂಟೆ ಹಿಡಿಯುತ್ತಿತ್ತು. ಇಂಧನದ ಭಾರದಿಂದಾಗಿ ಮೂವರು ಪ್ರಯಾಣಿಕರಿಗಷ್ಟೇ ಜಾಗ. ಒಂದೇ ಪಯಣದಲ್ಲಿ ಎರಡು ಸೂರ್ಯೋದಯ ಕಂಡವರಿಗೆ ಸಂಸ್ಥೆ ಪ್ರಮಾಣಪತ್ರ ಕೊಡುತ್ತಿತ್ತು. ಯುದ್ಧ ಮುಗಿದ ಮೇಲೆ, 1947ರ ಡಿಸೆಂಬರ್‌ನಲ್ಲಿ, ಕಾನ್‌ಸ್ಟಲೇಷನ್ ವಿಮಾನವೊಂದು 29 ಪ್ರಯಾಣಿಕರೊಂದಿಗೆ ಸಿಡ್ನಿ ಬಿಟ್ಟಿತು. ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೋಲಿಗಳಲ್ಲಿ ಇಳಿದು ಏರಿ ನಾಲ್ಕು ದಿನಕ್ಕೆ ಲಂಡನ್ ಸೇರಿತು. ಕುಪ್ಪಳಿಸುತ್ತ ಸಾಗುವ ಆ ದಾರಿಗೆ ಕಾಂಗರೂ ಮಾರ್ಗವೆಂಬ ಹೆಸರು ಉಳಿದುಬಂದಿದೆ.

ಬಿಸಿನೆಸ್ ಕ್ಲಾಸ್ ಹುಟ್ಟಿದ್ದು 1970ರ ದಶಕದ ಕೊನೆಗೆ. ಅಗ್ಗದ ಟಿಕೆಟ್‌ಗಳು ಬಂದು ವಿಮಾನಗಳು ಪ್ರವಾಸಿಗಳಿಂದ ತುಂಬಿದಾಗ, ಪೂರ್ತಿ ದರ ತೆರುತ್ತಿದ್ದ ವ್ಯವಹಾರಸ್ಥರು ತಮಗೇನು ವಿಶೇಷ ಎಂದು ಕೇಳತೊಡಗಿದರು. ಕ್ವಾಂಟಾಸ್ ಈ ದರ್ಜೆಯನ್ನು ತಂದದ್ದು 1979ರಲ್ಲಿ. ಆಗ ಸಿಗುತ್ತಿದ್ದುದು ಸ್ವಲ್ಪ ಅಗಲದ ಕುರ್ಚಿ, ಸ್ವಲ್ಪ ಒಳ್ಳೆಯ ಊಟ, ಅಷ್ಟೇ. ನಿಜವಾದ ತಿರುವು ಬಂದದ್ದು 2000ದಲ್ಲಿ. ಆ ವರ್ಷ ಬ್ರಿಟಿಷ್ ಏರ್‌ವೇಸ್ ತನ್ನ ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ಕೊಟ್ಟಿತು. ಅಲ್ಲಿಂದ ಮುಂದೆ ದೂರದ ಮಾರ್ಗಗಳಲ್ಲಿ ಮಲಗಲು ಬಾರದ ಕುರ್ಚಿಯನ್ನು ಬಿಸಿನೆಸ್ ಎಂದು ಮಾರುವುದು ಕಷ್ಟವಾಯಿತು.

ಪರ್ತ್–ಲಂಡನ್ ಮಾರ್ಗದಲ್ಲಿ ಹಾರುವುದು ಬೋಯಿಂಗ್ 787–9. ಅದರಲ್ಲಿ 236 ಆಸನಗಳು: ಬಿಸಿನೆಸ್ 42, ಪ್ರೀಮಿಯಂ ಎಕಾನಮಿ 28, ಎಕಾನಮಿ 166. ಕ್ವಾಂಟಾಸ್‌ನದೇ ಅಗ್ಗದ ದರದ ಸಂಸ್ಥೆ ಜೆಟ್‌ಸ್ಟಾರ್, ಇದಕ್ಕಿಂತ ಆರು ಮೀಟರ್ ಗಿಡ್ಡವಾದ 787–8ರಲ್ಲಿ 335 ಜನರನ್ನು ಕೂರಿಸುತ್ತದೆ! ಈ ಅಂತರಕ್ಕೆ ಉದಾರತೆಯಷ್ಟೇ ಕಾರಣವಲ್ಲ, ಲೆಕ್ಕಾಚಾರವೂ ಇದೆ. 787–9 ಗರಿಷ್ಠ 254 ಟನ್ ತೂಕದೊಂದಿಗೆ ಮೇಲೇರಬಲ್ಲದು. ಅದರ ತೊಟ್ಟಿಗಳು ಹಿಡಿಯುವುದು ಸುಮಾರು 1,26,000 ಲೀಟರ್ ಇಂಧನ. ತುಂಬಿದರೆ ಅದೇ ನೂರು ಟನ್ ಆಸುಪಾಸು. ದೂರ ಹೆಚ್ಚಿದಂತೆ, ಕೊನೆಯ ಗಂಟೆಗಳಲ್ಲಿ ಬೇಕಾಗುವ ಇಂಧನವನ್ನು ಅಲ್ಲಿಯವರೆಗೆ ಹೊತ್ತೊಯ್ಯಲೆಂದೇ ಇನ್ನಷ್ಟು ಇಂಧನ ಉರಿಯುತ್ತದೆ. ಹಾಗಾಗಿ ಜನ ಕಡಿಮೆ ಇರಬೇಕು, ಇದ್ದವರು ಹೆಚ್ಚು ಕೊಡಬೇಕು. ಇಂಥ ಮಾರ್ಗ ನಿಂತಿರುವುದೇ ಮುಂಭಾಗದ ಆ 42 ಆಸನಗಳ ಮೇಲೆ ಎಂದರೂ ನಡೆದೀತು.

ಆ ಆಸನಗಳ ಜೋಡಣೆ ಒಂದು–ಎರಡು–ಒಂದು. ಯಾರನ್ನೂ ದಾಟದೆ ಎಲ್ಲರೂ ನೇರ ನಡುದಾರಿಗೆ ಬರಬಹುದು. ಪಕ್ಕದವರು ಎದ್ದಾಗಲೆಲ್ಲ ಎಚ್ಚರವಾಗುವ ತಾಪತ್ರಯವಿಲ್ಲ. ಗುಂಡಿ ಒತ್ತಿದರೆ ಬೆನ್ನು ಹಿಂದಕ್ಕೆ ಬಾಗಿ, ಕುರ್ಚಿ ಮುಂದೆ ಸರಿದು, ಸುಮಾರು ಎರಡು ಮೀಟರ್ ಉದ್ದದ ಹಾಸಿಗೆಯಾಗುತ್ತದೆ. ಪಾದಗಳು ಮುಂದಿನ ಆಸನದ ಪಕ್ಕದ ಮೇಜಿನ ಅಡಿಯ ಗೂಡಿನೊಳಗೆ ಸೇರುತ್ತವೆ. ಜಾಗ ಉಳಿಸುವ ಜಾಣ್ಮೆಯೆಲ್ಲ ಇರುವುದು ಈ ಗೂಡಿನಲ್ಲಿ. ಮಗ್ಗುಲು ಬದಲಿಸುವಾಗ ಉದ್ದ ಕಾಲಿನವರಿಗೆ ಕಿರಿಕಿರಿಯಾಗುವುದೂ ಅಲ್ಲೇ. ಮೇಲೆ ತೆಳು ಹಾಸು, ದಿಂಬು, ಹೊದಿಕೆ. ಉಡಲು ಎದೆಯ ಮೇಲೆ ಕಾಂಗರೂ ಚಿತ್ರವಿರುವ ಪೈಜಾಮ. ಕಿಟಕಿಗೆ ಪರದೆಯಿಲ್ಲ, ಗಾಜೇ ವಿದ್ಯುತ್ತಿನಿಂದ ಕಪ್ಪಾಗುತ್ತದೆ.

ಸಂಜೆ ಪರ್ತ್ ಬಿಟ್ಟ ವಿಮಾನ ಲಂಡನ್ ತಲುಪುವುದು ಅಲ್ಲಿನ ಬೆಳಗಿನ ಜಾವ ಐದರ ಸುಮಾರಿಗೆ. ಪಶ್ಚಿಮಕ್ಕೆ ಓಡುವ ಕತ್ತಲೆಯ ಜೊತೆಗೇ ವಿಮಾನವೂ ಸಾಗುವುದರಿಂದ ಹೆಚ್ಚುಕಮ್ಮಿ ಇಡೀ ಹಾರಾಟ ಒಂದೇ ರಾತ್ರಿ. ದೇಹದ ಗಡಿಯಾರವನ್ನು ಲಂಡನ್ನಿಗೆ ಹೊಂದಿಸಲು ಕ್ವಾಂಟಾಸ್ ಸಿಡ್ನಿ ವಿಶ್ವವಿದ್ಯಾಲಯದ ಚಾರ್ಲ್ಸ್ ಪರ್ಕಿನ್ಸ್ ಕೇಂದ್ರದ ನೆರವು ಪಡೆದು ಊಟದ ಪಟ್ಟಿ, ಬಡಿಸುವ ಹೊತ್ತು, ದೀಪಗಳ ಬೆಳಕನ್ನು ರೂಪಿಸಿತು. ವಿಮಾನದ ಮೈ ಲೋಹಕ್ಕಿಂತ ಹೆಚ್ಚಾಗಿ ಇಂಗಾಲದ ನಾರಿನಿಂದಾದದ್ದು. ಹಳೆಯ ವಿಮಾನಗಳೊಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿದ್ದರೆ, ಇಲ್ಲಿ ಅದು 6,000 ಅಡಿಯ ಮಟ್ಟದ್ದು. ತೇವವೂ ತುಸು ಹೆಚ್ಚು. ಈ ಅನುಕೂಲ ಮಾತ್ರ ಎಕಾನಮಿಯವರಿಗೂ ಸಮಾನ.

ಒಣ ಗಾಳಿಯಲ್ಲಿ ಮೂಗು ಒಣಗಿ ರುಚಿ ಮಂಕಾಗುತ್ತದೆ. ಉಪ್ಪು, ಸಿಹಿ ಸಪ್ಪೆ ಎನಿಸುತ್ತವೆ. ಟೊಮೆಟೊ, ಮಸಾಲೆಯ ಖಾದ್ಯಗಳು ತಕ್ಕಮಟ್ಟಿಗೆ ತಡೆದುಕೊಳ್ಳುತ್ತವೆ. ನಮ್ಮ ಸಾರು-ಪಲ್ಯಗಳಿಗೆ ಆಕಾಶದಲ್ಲಿ ಒಳ್ಳೆಯ ಭವಿಷ್ಯವಿದೆ ಎನ್ನಬೇಕು. ಚಪ್ಪಟೆ ಹಾಸಿಗೆ ಇದೆಯೆಂದು ಅಲುಗಾಡದೆ ಬಿದ್ದುಕೊಳ್ಳುವುದೂ ಸರಿಯಲ್ಲ. ಬಹಳ ಹೊತ್ತು ಚಲನೆಯಿಲ್ಲದಿದ್ದರೆ ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎಲ್ಲ ದರ್ಜೆಯಲ್ಲೂ ಇದೆ. ಆಗಾಗ ಎದ್ದು ನಡೆಯಬೇಕು, ನೀರು ಕುಡಿಯಬೇಕು.

ನೇರ ಹಾರಾಟವೆಂಬುದು ಆಕಾಶದ ರಾಜಕೀಯಕ್ಕೂ ಅಧೀನ. 2024ರ ಆಗಸ್ಟ್‌ನಲ್ಲಿ ಪಶ್ಚಿಮ ಏಷ್ಯಾದ ಉದ್ವಿಗ್ನತೆಯಿಂದ ಸುತ್ತು ದಾರಿ ಹಿಡಿಯಬೇಕಾಗಿ ಲಂಡನ್‌ಗೆ ಹೋಗುವ ವಿಮಾನ ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿಯತೊಡಗಿತು. ಹಿಂಬದಿಯ ಗಾಳಿಯ ಬೆಂಬಲವಿದ್ದುದರಿಂದ ಮರಳುವ ವಿಮಾನ ಮಾತ್ರ ಎಲ್ಲೂ ನಿಲ್ಲದೆ ಬರುತ್ತಿತ್ತು.

ಇದೇ ಸಂಸ್ಥೆ 2022ರ ಸೆಪ್ಟೆಂಬರ್ 14ರಂದು ಸಿಡ್ನಿ–ಬೆಂಗಳೂರು ನೇರ ಸೇವೆಯನ್ನು ಏರ್‌ಬಸ್ ಎ330ರಲ್ಲಿ ಆರಂಭಿಸಿತು. ಅಲ್ಲಿಯೂ ಬಿಸಿನೆಸ್ ಕ್ಲಾಸಿನದು ಇದೇ ಒಂದು–ಎರಡು–ಒಂದರ ಚಪ್ಪಟೆ ಹಾಸಿಗೆ. ಸಿಡ್ನಿಯಿಂದ ಲಂಡನ್‌ಗೆ ಸುಮಾರು 20 ಗಂಟೆ ಒಂದೇ ಬೀಸಿಗೆ ಹಾರುವುದು ಅದರ ಮುಂದಿನ ಯೋಜನೆ. ಅದಕ್ಕೆಂದು 2022ರಲ್ಲಿ 12 ಏರ್‌ಬಸ್ ಎ350–1000 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದೆ.

ಬಿಸಿನೆಸ್ ದರ ಎಕಾನಮಿಯ ಹಲವು ಪಟ್ಟು. ಕಂಪನಿಯ ದುಡ್ಡಿನಲ್ಲಿ ಹೋಗಿ ಇಳಿದ ಕೂಡಲೆ ಸಭೆಗೆ ಕೂರಬೇಕಾದವರಿಗೆ, ಬೆನ್ನು-ಮಂಡಿ ನೋವಿನ ಹಿರಿಯರಿಗೆ ಅದು ಸಾರ್ಥಕ. ಹಗಲಿನ ಏಳೆಂಟು ಗಂಟೆಯ ಹಾರಾಟಕ್ಕೆ ಅಷ್ಟು ತೆರುವುದು ದುಂದು. ಟಿಕೆಟ್ ಕೊಳ್ಳುವ ಮುನ್ನ ಆ ದಿನದ ವಿಮಾನ ಎಲ್ಲೂ ನಿಲ್ಲದೆ ಹೋಗುವುದೇ, ಆಸನ ಪೂರ್ತಿ ಚಪ್ಪಟೆಯಾಗುವುದೇ ಎಂಬೆರಡನ್ನು ಕೇಳಿ ಖಚಿತಪಡಿಸಿಕೊಳ್ಳಿ. ಸಸ್ಯಾಹಾರ ಬೇಕಿದ್ದರೆ ಮುಂಚೆಯೇ ತಿಳಿಸಿಡಿ.