ನಾಗಕುಂಡದ ಮೆಟ್ಟಿಲ ಮೇಲೆ ಚಿತ್ರದ ಪಾಠ

ಪಾಟಿ, ಗೋಡೆ, ನೋಟ್‌ಬುಕ್ಕಿನ ಕೊನೆಯ ಹಾಳೆ ಯಾವುದನ್ನೂ ಬಿಡದೆ ಗೀಚುತ್ತಿದ್ದ ಮಕ್ಕಳು ಹೈಸ್ಕೂಲಿಗೆ ಬಂದಮೇಲೆ ‘ನನಗ ಚಿತ್ರ ಬರಂಗಿಲ್ಲ’ ಎನ್ನತೊಡಗುತ್ತಾರೆ. ಪ್ರತಿಭೆ ಇಲ್ಲವೆಂದು ನಾವೂ ಒಪ್ಪಿ ಸುಮ್ಮನಾಗುತ್ತೇವೆ. ಮಕ್ಕಳ ಚಿತ್ರಗಳನ್ನು ವಯಸ್ಸಿನ ಹಂತಗಳಾಗಿ ವಿಂಗಡಿಸಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಇದಕ್ಕೆ ಬೇರೆ ಕಾರಣ ಕೊಟ್ಟಿದ್ದ: ಹನ್ನೆರಡರ ಆಸುಪಾಸಿನಲ್ಲಿ ಮಕ್ಕಳು ತಾವು ಬಿಡಿಸಿದ್ದನ್ನು ತಾವೇ ಟೀಕೆಯ ಕಣ್ಣಿನಿಂದ ನೋಡುತ್ತಾರೆ, ಅದು ಕಂಡಂತೆಯೇ ಬರಬೇಕೆಂದು ಬಯಸುತ್ತಾರೆ. ಕಣ್ಣು ಮುಂದೆ ಹೋಗಿದೆ, ಕೈ ಹಿಂದೆ ಉಳಿದಿದೆ. ಆಗ ಬೇಕಾದದ್ದು ನೋಡುವುದನ್ನು ಕಲಿಸುವ ಪಾಠ. ಸಿಗುವುದು ಮಾತ್ರ ಬೋರ್ಡಿನಿಂದ ನಕಲು ಮಾಡುವ ಎರಡು ಗುಡ್ಡ, ನಡುವೆ ಸೂರ್ಯ, ಹರಿಯುವ ಹೊಳೆ, ದಂಡೆಗೊಂದು ತೆಂಗು. ಗದಗ ಜಿಲ್ಲೆಯ ರೋಣದ ಎರೆಹೊಲದಲ್ಲಿ ನಿಂತು ಇಂಥ ನೋಟ ಎಷ್ಟು ಹುಡುಕಿದರೂ ಸಿಕ್ಕೀತೇ?

ಅದೇ ಸೀಮೆಯ ಸೂಡಿಯಂಥ ಊರಿನಲ್ಲಿ ಈ ಕೊರತೆಗೆ ನೆಪವಿಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ರಾಜಕುಮಾರಿ ಅಕ್ಕಾದೇವಿಯ ಆಡಳಿತ ಕಂಡ, ಟಂಕಸಾಲೆಯಿದ್ದ ಊರಿದು. 11ನೇ ಶತಮಾನದ ಜೋಡುಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ, ಮೆಟ್ಟಿಲುಗಳ ಹೊಂಡವಾದ ನಾಗಕುಂಡ ಇಲ್ಲೇ ಇವೆ. ಒಂಬತ್ತನೇ ತರಗತಿಯವರನ್ನು ಕುಂಡದ ಅಂಚಿನಲ್ಲಿ ಕೂರಿಸಿ ಮೆಟ್ಟಿಲು ಬಿಡಿಸಲು ಹೇಳಿದರೆ, ಹೆಚ್ಚಿನವರು ಮೊದಲು ಸಮ ಅಂತರದ ಗೆರೆಗಳನ್ನು ಎಳೆದು ಏಣಿಯಂಥದ್ದೊಂದನ್ನು ಮಾಡುತ್ತಾರೆ. ಅದು ಅವರು ತಿಳಿದ ಮೆಟ್ಟಿಲು, ಕಂಡದ್ದಲ್ಲ. ಪೆನ್ಸಿಲನ್ನು ಕೈಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದಾಗ ಕೆಳಗಿನ ಮೆಟ್ಟಿಲು ಮೇಲಿನದಕ್ಕಿಂತ ಕಿರಿದಾಗಿ ಕಾಣುತ್ತದೆ. ಪರ್ಸ್ಪೆಕ್ಟಿವ್ ಎಂಬ ಪಾಠ ಅಲ್ಲೇ ಮುಗಿಯಿತು. ಗೋಡೆಯ ಉಬ್ಬುಗೆತ್ತನೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಿಡಿಸಿದರೆ ನೆರಳು ಬದಿ ಬದಲಿಸಿರುತ್ತದೆ. ಛಾಯೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ.

ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಚಿತ್ರಕ್ಕೆ ಒಂದೂ ಇಲ್ಲ, ಹೊತ್ತು ಎಲ್ಲಿಂದ ತರುವುದು ಎಂಬ ತಕರಾರು ಹುರುಳಿಲ್ಲದ್ದೇನಲ್ಲ. ಆದರೆ ಜೀವಕೋಶದ ಚಿತ್ರ, ರೇಖಾಗಣಿತದ ಆಕೃತಿ, ನಕಾಶೆ ಇವೆಲ್ಲ ಅಂಕದ ಪ್ರಶ್ನೆಗಳೇ, ಮತ್ತು ಅಳೆದು ನೋಡುವ ಕಣ್ಣು ಅಲ್ಲೂ ದುಡಿಯುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದರಾಗದೇ ಎಂದರೆ, ಫೋಟೊ ಕ್ಷಣದಲ್ಲಿ ಎಲ್ಲವನ್ನೂ ಹಿಡಿಯುತ್ತದೆ. ಯಾವುದನ್ನು ಬಿಡಬೇಕೆಂಬ ತೀರ್ಮಾನ ಚಿತ್ರ ಬಿಡಿಸುವವನದು. ಹಳೆಯ ಶಿಲ್ಪವನ್ನೇ ನಕಲು ಮಾಡಿದರೆ ಕಲ್ಪನೆ ಸಾಯುತ್ತದೆ ಎನ್ನುವವರ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ. ವರ್ಷವಿಡೀ ಕಲ್ಲನ್ನೇ ಬರೆಯಿಸಿದರೆ ಬೇಸರ ಬರುವುದು ನಿಜ. ಅದಕ್ಕೇ ಗುಡಿಯ ಜೊತೆಗೆ ಸಂತೆ, ಕಣದಲ್ಲಿ ಮಲಗಿದ ಎತ್ತು, ಪಕ್ಕದ ಬೆಂಚಿನ ಗೆಳತಿಯ ಕೈ, ಎಲ್ಲವೂ ಬರಲಿ. ಕಲ್ಪನೆಗೆ ಕುತ್ತು ಬಂದಿರುವುದು ಬೋರ್ಡಿನ ಮೇಲಿನ ಆ ಎರಡು ಗುಡ್ಡಗಳಿಂದ, ಚಾಲುಕ್ಯರ ಶಿಲ್ಪಿಗಳಿಂದಲ್ಲ. ಡ್ರಾಯಿಂಗ್ ಮಾಸ್ತರರ ಹುದ್ದೆ ಖಾಲಿಯಿರುವ ಶಾಲೆಯಲ್ಲಿ ಗಣಿತದವರೋ ವಿಜ್ಞಾನದವರೋ ಇದನ್ನು ಮಾಡಿಸಬಹುದು. ಬೇಕಾದದ್ದು ಒಂದು ರಟ್ಟು, ಬಿಳಿ ಹಾಳೆ, ಮೆತ್ತನೆಯ ಪೆನ್ಸಿಲು ಮತ್ತು ವಾರಕ್ಕೊಂದು ಪಿರಿಯಡ್. ಈ ವರ್ಷದ ವೇಳಾಪಟ್ಟಿಯಲ್ಲಿ ಆ ಒಂದು ಪಿರಿಯಡ್ಡನ್ನು ಬಿಟ್ಟುಕೊಡಿ.